ವರ್ಷಕ್ಕೊಂದು ವಾರದ ಮನೆ

ಚಳಿಗಾಲದ ಕಟಾವು ಅರ್ಧಕ್ಕೆ ಬಂದಿತ್ತು. ಡರ್ಬನ್ನಿನ ಉತ್ತರಕ್ಕಿರುವ ಮಾಫುಮುಲೊದ ಗುಡ್ಡಗಳಲ್ಲಿ ಬೆಳಗಿನ ಜಾವ ಬೆಂಕಿಯಿಟ್ಟ ಕಬ್ಬಿನ ರವದಿ ಇನ್ನೂ ಹೊಗೆಯಾಡುತ್ತಿತ್ತು. ಕರಿಗಟ್ಟಿದ ಗರಿಯ ಚೂರುಗಳು ಗಾಳಿಯಲ್ಲಿ ತೇಲಿಬಂದು ಒಣಹಾಕಿದ ಬಟ್ಟೆಯ ಮೇಲೆ, ಕೋಳಿಗಳ ಬೆನ್ನಿನ ಮೇಲೆ, ಭೇಕುಮುಜಿ ಅದೇ ತಾನೇ ಒರೆಸಿ ನಿಲ್ಲಿಸಿದ ಹಳೆಯ ಬಿಳಿ ಕಾರಿನ ಮೇಲೆ ಕೂರುತ್ತಿದ್ದವು. ಒರೆಸಿದಷ್ಟೂ ಬೀಳುತ್ತಿದ್ದವು. ಕೆಳಗಿನ ಇಳಿಜಾರಿನಿಂದ ಕಡಿಯುವವರ ಮಚ್ಚಿನ ಸದ್ದು ಬಿಡುವಿಲ್ಲದೆ ಕೇಳುತ್ತಿತ್ತು. ಸುಟ್ಟ ಕಬ್ಬು ಯಾರನ್ನೂ ಕಾಯುವುದಿಲ್ಲ. ಕಾರ್ಖಾನೆ ಮುಟ್ಟುವುದು ತಡವಾದರೆ ರಸ ಹುಳಿಯುತ್ತದೆ. ಅಂಥ ದಿನ ಹೊಲವನ್ನು ಪಕ್ಕದವನ ಕೈಗೆ ಬಿಟ್ಟು, ಹೆಂಡತಿ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಸಮುದ್ರದ ಕಡೆ ಹೊರಡುವ ಗಂಡಸನ್ನು ತಾನೇ ನೋಡಿದ್ದರೆ ಏನೆನ್ನುತ್ತಿದ್ದೆ ಎಂದು ಯೋಚಿಸುತ್ತ ಅವನು ಬಟ್ಟೆಯನ್ನು ಹಿಂಡಿದ. ಅಂದುಕೊಂಡದ್ದನ್ನೇ ಪಕ್ಕದ ಹೊಲದ ಜೆಫಾನಿಯಾ ಟ್ರ್ಯಾಕ್ಟರಿನ ಮೇಲಿಂದ ಕೂಗಿ ಹೇಳಿದ: “ಏನ್ ಖಾಬಾಜೆಲಾ, ನಾವು ಇಲ್ಲಿ ಮಸಿ ಬಳ್ಕೊಂಡಿರ್ತೀವಿ, ನೀನು ಉಪ್ಪುನೀರಲ್ಲಿ ತೊಳ್ಕೊಂಡು ಬಾ! ಬರ್ತಾ ನಮಗೂ ಒಂದು ಬಾಟ್ಲಿ ಸಮುದ್ರ ತಾರಪ್ಪ!” ಕಡಿಯುವವರು ನಕ್ಕರು. ಖಾಬಾಜೆಲಾ ಎಂಬುದು ಮ್ಖೀಜೆ ಮನೆತನದ ಗಂಡಸರನ್ನು ಗೌರವದಿಂದ ಕರೆಯುವ ಹೆಸರು. ಅಪ್ಪನನ್ನೂ ಜನ ಹಾಗೆಯೇ ಕರೆಯುತ್ತಿದ್ದರು. ಭೇಕುಮುಜಿಯೂ ನಕ್ಕು ಕೈಯೆತ್ತಿದ. ಮರುಕ್ಷಣವೇ ಆ ಕೈಯನ್ನು ಏನು ಮಾಡಬೇಕೋ ತಿಳಿಯದೆ ಇಳಿಸಿದ.

ಕಾರಿನ ಡಿಕ್ಕಿಯಲ್ಲಿ, ಮೂರು ವರ್ಷದ ಮ್ವೆಲೊನ ಟವೆಲಿನೊಳಗೆ, ಯಾರಿಗೂ ಕಾಣದಂತೆ ಸುತ್ತಿಟ್ಟಿದ್ದ ಎಲಚಿಯ ಕೊಂಬೆಯೊಂದಿತ್ತು. ಅಮ್ಮ ಮಾಶೇಜಿ ಇನ್ನೂ ಬೆಳಕು ಹರಿಯುವ ಮೊದಲೇ ದನದ ದೊಡ್ಡಿಯ ಪಕ್ಕದ ಮರದಿಂದ ಅದನ್ನು ತಾನೇ ಮುರಿದು ತಂದಿದ್ದಳು. ಚಳಿಗೆ ಎಲೆಯುದುರಿ ಅದರಲ್ಲಿ ಉಳಿದದ್ದು ಬೆರಳೆಣಿಕೆಯ ಎಲೆ. ಗಂಟುಗಂಟಿಗೂ ಜೋಡಿಮುಳ್ಳು, ಒಂದು ನೆಟ್ಟಗೆ ಮುಂದಕ್ಕೆ, ಒಂದು ಕೊಕ್ಕೆಯಾಗಿ ಹಿಂದಕ್ಕೆ. ಉಸಿರು ಕಟ್ಟಿ ಕಟ್ಟಿ ಮಾತಾಡುವ ಅಮ್ಮ ಅವನ ಅಂಗೈಯನ್ನು ಬಿಡದೆ ಹೇಳಿದ್ದಳು: “ನಿಮ್ಮಪ್ಪ ಸತ್ತ ಜಾಗಕ್ಕೇ ಹೋಗು. ಕೊಂಬೆ ನೆಲಕ್ಕೆ ಮುಟ್ಟಿಸಿ ಗಟ್ಟಿಯಾಗಿ ಕರಿ. ಬಾಯೊಳಗೆ ಗೊಣಗಬೇಡ. ಬರ್ತಾ ಪಕ್ಕದ ಸೀಟು ಅವನಿಗೆ ಬಿಡು. ಹೊಳೆ ಬಂದ್ರೆ ಹೊಳೆ ದಾಟ್ತಾ ಇದೀವಿ ಅಂತ ಅವನಿಗೆ ಹೇಳು. ಅವನಿಗೆ ಮಾತ್ರ. ಬೇರೆ ಯಾರ ಜೊತೆಗೂ ಬಾಯಿ ಬಿಡಬೇಡ, ಮನೆ ಸೇರಿದ ಮೇಲೆ ನನ್ನ ಜೊತೆಗೂ.” ಹೊರಗೆ ಸತ್ತವರನ್ನು ಹಾಗೆ ಕರೆದು ತಾರದಿದ್ದರೆ ಅವರು ಸತ್ತಲ್ಲೇ ನಿಂತಿರುತ್ತಾರೆ. ಮೈಯನ್ನು ಹೂಳಲು ಎಲ್ಲಿ ಬೇಕಾದರೂ ತಂದು ಹೂಳಬಹುದು, ಅದು ಬೇರೆ. ಅಪ್ಪನ ಗೋರಿ ಮನೆಯ ಹಿಂದೆಯೇ ಇತ್ತು. ಆದರೂ ಅಮ್ಮನ ಕನಸಿನಲ್ಲಿ ಅವನು ಮೈಯೆಲ್ಲ ಒದ್ದೆಯಾಗಿ ಅಂಗಳದ ಆಚೆಯೇ ನಿಲ್ಲುತ್ತಿದ್ದ. ಒಳಗೆ ಬಾ ಎಂದರೆ, ಯಾರೂ ಕರೆಯಲಿಲ್ಲವಲ್ಲ ಎನ್ನುತ್ತಿದ್ದನಂತೆ. ಶಾಲೆ ಕಲಿತ ಮಗ ಈ ಕನಸನ್ನು ವರ್ಷಗಟ್ಟಲೆ ಕೇಳಿ ಕಟಾವು ಮುಗಿಯಲಿ, ಮದುವೆ ಮುಗಿಯಲಿ, ಮಗು ಹುಟ್ಟಲಿ ಎಂದು ದೂಡುತ್ತ ಬಂದಿದ್ದ. ಈಗ ಅಮ್ಮನ ಎದೆಯೊಳಗಿನ ಸೀಟಿಯಂಥ ಸದ್ದು ಹೊರಗಿನ ಕೋಣೆಗೂ ಕೇಳುತ್ತಿತ್ತು.

ಅವನ ಹೆಂಡತಿ ಮಾಜೊಂಡಿಗೆ ಇದಾವುದೂ ಗೊತ್ತಿರಲಿಲ್ಲ. ಅವಳ ಚರ್ಚಿನಲ್ಲಿ ಸತ್ತವರ ಜೊತೆ ಮಾತಾಡುವುದು ಕತ್ತಲೆಯ ಕೆಲಸ. ಮಾವ ಡರ್ಬನ್ನಿನ ಆಚೆ ಎಲ್ಲೋ ಕೆಲಸದಲ್ಲಿದ್ದಾಗ ತೀರಿಕೊಂಡರು ಎಂಬುದಷ್ಟೇ ಅವಳಿಗೆ ತಿಳಿದಿದ್ದದ್ದು. ಕಾರು ಗುಡ್ಡ ಇಳಿಯುವಾಗ ಅವಳ ತೊಡೆಯ ಮೇಲೆ ಮೂರು ಬಣ್ಣದ ಹೊತ್ತಗೆಗಳಿದ್ದವು, ಮೂರು ರಿಸಾರ್ಟಿನವು. ಟೈಮ್‌ಶೇರ್ ತೆಗೆದುಕೊಂಡರೆ ವರ್ಷಕ್ಕೊಂದು ವಾರ, ಪ್ರತಿ ವರ್ಷ, ತಮ್ಮ ನಂತರ ಮಕ್ಕಳಿಗೂ. ಎರಡು ರಾತ್ರಿ ಪುಕ್ಕಟೆ ಇದ್ದು, ಗಂಡಹೆಂಡತಿ ಒಟ್ಟಿಗೆ ಕೂತು ಅವರ ಮಾತು ಕೇಳಿದರೆ ಸಾಕು, ತೆಗೆದುಕೊಳ್ಳುವುದು ಬಿಡುವುದು ನಮ್ಮಿಷ್ಟ. ಅವಳು ಹೆಣ್ಣು ನೋಡಲು ಹೋಗುವ ಅತ್ತೆಯ ಹಾಗೆ ಒಂದೊಂದನ್ನೂ ತೂಗಿದ್ದಳು. ಗಂಡನನ್ನು ಅವಳು ಕರೆಯುವುದು ಮಗಳ ಹೆಸರು ಹಿಡಿದು, ಅನೆಲೆಯ ಅಪ್ಪ ಎಂದು. “ಬೆಟ್ಟದ್ದು ನಂಗೆ ಇಷ್ಟ ಆಯ್ತು, ಅನೆಲೆ ಬಾಬಾ. ಚಿಕ್ಕ ಮಕ್ಕಳ ನೀರು ಮೊಣಕಾಲಿಗೂ ಬರಲ್ಲ. ಅಡುಗೆಮನೆ ಇದೆ, ಬಟ್ಟೆ ಒಗೆಯೋ ಮಿಷನ್ ಇದೆ. ಸಮುದ್ರ ಅಂದ್ರೆ ಅಲೆ, ನಾನು ಕಣ್ಣು ಮುಚ್ಚೋ ಹಂಗಿಲ್ಲ. ನೀವ್ಯಾಕೆ ಇದೇ ಆಗ್ಬೇಕು ಅಂತೀರೋ.”

“ಮಕ್ಕಳು ಸಮುದ್ರ ನೋಡ್ಲಿ ಅಂತ” ಎಂದ ಅವನು.

“ಅಲ್ಲೂ ಪೂಲ್ ಇದೆ ಅಂತಾರೆ. ಬೇಲಿ ಇದೆಯಾ ಕೇಳ್ಬೇಕು.” ಅವಳು ಹೊತ್ತಗೆಯ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಅದರಲ್ಲಿ ಒಬ್ಬ ಹೆಂಗಸು ನೀಲಿ ನೀರಿನ ಬಳಿ ಉದ್ದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. “ಇವಳ ಕೈ ನೋಡಿ. ಏನೂ ಇಲ್ಲ ಕೈಯಲ್ಲಿ. ಒಂದು ವಾರ ಹೀಗೆ ಕೈ ಖಾಲಿ ಇಟ್ಕೊಂಡು ಕೂತ್ರೆ ನಂಗೇನಾಗುತ್ತೋ ನೋಡ್ಬೇಕು.” ಆರು ವರ್ಷದ ಅನೆಲೆ ಹಿಂದಿನಿಂದ ಸಮುದ್ರಕ್ಕೆ ಬಾಗಿಲಿದೆಯಾ ಎಂದು ಕೇಳುತ್ತಿದ್ದಳು.

ಬಾಗಿಲಿತ್ತು. ಅದೇ ಗೇಟು. ಆಗ ಹಸಿರು ಬಣ್ಣದ ಕಬ್ಬಿಣ, ಈಗ ತಾನಾಗಿ ಮೇಲೇಳುವ ಪಟ್ಟೆಪಟ್ಟೆ ಕಂಬ. ಅಪ್ಪ ಸತ್ತ ಮರುವರ್ಷ, ಇನ್ನೂ ಹುಡುಗನಾಗಿದ್ದ ಅವನು ಅಜ್ಜನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಇದೇ ಮಣ್ಣಿನಲ್ಲಿ ನಿಂತಿದ್ದ. ಅಜ್ಜನ ಕೈಯಲ್ಲಿ ಕೊಂಬೆಯಿತ್ತು. ಒಳಗಿನಿಂದ ಬಂದ ಬಿಳಿಯ ಮ್ಯಾನೇಜರ್ ಬೈಯಲಿಲ್ಲ, ಕೈಯನ್ನೂ ಎತ್ತಲಿಲ್ಲ, ಬೇಸರದಿಂದ ಗಡಿಯಾರ ನೋಡಿಕೊಂಡು, ಅತಿಥಿಗಳಿದ್ದಾರೆ, ಮಕ್ಕಳು ಹೆದರುತ್ತಾರೆ, ಇನ್ನೊಂದು ದಿನ ಬನ್ನಿ ಎಂದಿದ್ದ. ಕಾವಲಿನವನು ನಮ್ಮವನೇ. “ತಾತ, ನನ್ನ ಕೆಲಸ ಹೋಗುತ್ತೆ” ಎಂದು ನೆಲ ನೋಡಿದ್ದ. ಆಗ ಅಜ್ಜ ಗೇಟಿನ ಸರಳಿನೊಳಗಿಂದ ಕೊಂಬೆಯನ್ನು ಕೈಯುದ್ದಕ್ಕೂ ತೂರಿಸಿ, ಗಂಟಲು ಹರಿಯುವಂತೆ ಮನೆತನದ ಹೆಸರುಗಳನ್ನೆಲ್ಲ ಕೂಗಿ, “ಬಾ ಖಾಬಾಜೆಲಾ, ಹೋಗೋಣ, ಇದು ನಿನ್ನ ಮನೆಯಲ್ಲ” ಎಂದಿದ್ದ. ಒಳಗೆ ಯಾವುದೋ ಮಗು ಚೆಂಡು ಹಿಡಿದುಕೊಂಡು ನಿಂತು ನೋಡುತ್ತಿತ್ತು. ಅದು ಹೆದರಿರಲಿಲ್ಲ. ಅಮ್ಮ ಮಾತ್ರ ಅಜ್ಜ ಮನೆಗೆ ತಂದ ಆ ಕೊಂಬೆಯನ್ನು ಕೈಗೆ ತೆಗೆದುಕೊಂಡಾಗಲೇ, ಗೇಟಿನ ಆಚೆಯಿಂದ ಕರೆದರೆ ಯಾರು ಬರುತ್ತಾರೆ ಎಂದಿದ್ದಳು. ಈಗಿನ ಕಾವಲಿನವನು ಫೋನಿನ ಸಂದೇಶ ನೋಡಿ ಸೆಟೆದು ನಿಂತು, “ಓ, ಮ್ಖೀಜೆಯವರಾ! ಬನ್ನಿ ಖಾಬಾಜೆಲಾ, ನಿಮ್ಮದೇ ಜಾಗ” ಎಂದ. ಕಂಬ ಸದ್ದಿಲ್ಲದೆ ಎದ್ದಿತು. ಇಷ್ಟು ಸುಲಭವಾಗಿ ಏಳುವ ಕಂಬವನ್ನು ಕಂಡು ಅವನಿಗೆ ಅವಮಾನವಾಯಿತು. ಇಷ್ಟೇ ಆಗಿದ್ದರೆ ಎಷ್ಟೋ ವರ್ಷಗಳ ಹಿಂದೆಯೇ ಬರಬಹುದಿತ್ತಲ್ಲ.

ಪೂಲಿನ ಸುತ್ತ ಎದೆಮಟ್ಟದ ಬೇಲಿಯಿತ್ತು. ಮಾಜೊಂಡಿ ಸಾಮಾನು ಇಳಿಸುವ ಮೊದಲೇ ಹೋಗಿ ಅದನ್ನು ಅಲ್ಲಾಡಿಸಿ ನೋಡಿ ಬಂದಳು. “ಚಿಲಕ ಎತ್ತರದಲ್ಲಿದೆ, ಮ್ವೆಲೊಗೆ ಸಿಗಲ್ಲ. ಇದಕ್ಕೆ ಒಳ್ಳೇ ಅಂಕ.” ಅಪ್ಪ ಅಗೆಯುತ್ತಿದ್ದದ್ದು ಇದನ್ನೇ. ಬೇರೆ ಪೂಲ್ ಇಲ್ಲಿರಲಿಲ್ಲ. ಮಳೆಗೆ ನೆನೆದ ಬದಿ ಕುಸಿದು ಅವನೊಬ್ಬನೇ ಒಳಗಾದ ಎಂದು ಊರಿಗೆ ಬಂದವರು ಹೇಳಿದ್ದರು. ಈಗ ಅಲ್ಲಿ ನೀಲಿ ಬಿಲ್ಲೆಗಳ ಮೇಲೆ ನೀರು ಅಲುಗುತ್ತ, ಅದರ ಬೆಳಕು ಮಗಳ ಗಲ್ಲದ ಮೇಲೂ ಅಲುಗುತ್ತಿತ್ತು.

ಮರುದಿನ ಮುಂಜಾನೆ ಎಲ್ಲರೂ ಮಲಗಿರುವಾಗ ಅವನು ಟವೆಲಿನ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಮುಳ್ಳು ಬಟ್ಟೆ ದಾಟಿ ಪಕ್ಕೆಗೆ ಚುಚ್ಚುತ್ತಿತ್ತು. ಬೇಲಿಗೆ ಬೀಗ ಹಾಕಿತ್ತು. ಸುತ್ತಲೂ ಯಾರೂ ಇಲ್ಲ, ಸಮುದ್ರದ ಸದ್ದೊಂದೇ. ಇಲ್ಲಿಂದ ಕರೆದರೆ ಅದೂ ಆಚೆಯಿಂದ ಕರೆದಂತೆಯೇ ಆಗುತ್ತದೆ ಎಂದು ಅವನು ಸರಳು ಹಿಡಿದು ನಿಂತಿರುವಾಗ, ಎಲೆ ತೆಗೆಯುವ ಉದ್ದ ಬಲೆ ಹೆಗಲಿಗೇರಿಸಿಕೊಂಡು ಪೂಲಿನ ಕೆಲಸದವನು ಬಂದ. ಟವೆಲು ನೋಡಿ ಅವನ ಮುಖದಲ್ಲಿ ನಗು ಮೂಡಿತು. “ಕುರ್ಚಿ ಹಿಡಿಯೋಕಾ ಬಂದ್ರಿ, ಸಾರ್? ಎಲ್ಲರೂ ಇದೇ ಮಾಡ್ತಾರೆ. ಎದ್ದ ತಕ್ಷಣ ಟವೆಲ್ ಹಾಸಿ ಹೋಗೋದು, ಆಮೇಲೆ ಜಗಳ. ಪೂಲ್ ತೆಗೆಯೋ ಮುಂಚೆ ಹಾಸಂಗಿಲ್ಲ ಅಂತ ರೂಲ್ಸು.”

“ಹೌದು, ಕುರ್ಚಿಗೇ” ಎಂದಿತು ಭೇಕುಮುಜಿಯ ಬಾಯಿ.

ಆ ಮನುಷ್ಯ ಅತ್ತಿತ್ತ ನೋಡಿ ಬೀಗ ತೆಗೆದ. “ನಮ್ಮವರು ಇಲ್ಲಿಗೆ ಬರೋದೇ ಅಪರೂಪ. ಹೋಗಿ, ಒಳ್ಳೇ ಜಾಗ ನೋಡಿ ಹಾಸ್ಕೊಂಡು ಬನ್ನಿ. ನಾನು ನೋಡೇ ಇಲ್ಲ.” ಬಾಗಿಲನ್ನು ಅಗಲವಾಗಿ ತೆರೆದು ಹಿಡಿದು ನಿಂತ. ಒಳಗೆ ಹತ್ತು ಹೆಜ್ಜೆಗೆ ನೀರು. ಆ ಟವೆಲನ್ನು ಬಿಚ್ಚಿದರೆ ಕೊಂಬೆ. ಅದನ್ನು ನೆಲಕ್ಕೆ ಮುಟ್ಟಿಸಿ ಗಟ್ಟಿಯಾಗಿ ಕೂಗಬೇಕು, ಇವನ ಎದುರು, ಮೇಲಿನ ಮಹಡಿಯಲ್ಲಿ ಈಗಷ್ಟೇ ಕಾಫಿ ಹಿಡಿದು ಬಂದು ನಿಂತ ಮುದುಕ ದಂಪತಿಗಳ ಎದುರು. ಇವನು ನಮ್ಮವನೇ, ಹೇಳಿದರೆ ಟೋಪಿ ತೆಗೆದು ತಾನೂ ತಲೆಬಾಗಿಸುತ್ತಾನೆ ಎಂಬುದು ಭೇಕುಮುಜಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಕಾಲು ಏಳಲಿಲ್ಲ. ಇವತ್ತು ಯಾವ ಮ್ಯಾನೇಜರೂ ಗಡಿಯಾರ ನೋಡುತ್ತಿರಲಿಲ್ಲ. “ಬೇಡಪ್ಪ, ಆಮೇಲೆ ಬರ್ತೀನಿ. ಮಕ್ಕಳು ಏಳ್ತಾರೆ” ಎಂದು ತಿರುಗಿದ. ಹಿಂದಿನಿಂದ ಆ ಮನುಷ್ಯ, “ಆಮೇಲೆ ಸಿಗಲ್ಲ ಸಾರ್, ತುಂಬಿಹೋಗುತ್ತೆ!” ಎಂದ, ಕನಿಕರದಿಂದಲೇ.

ತಿಂಡಿಯಾದ ಮೇಲೆ ಗಂಡಹೆಂಡಿರನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಮಾರಾಟದ ಹೆಂಗಸಿನ ಹೆಸರು ಕೋಗಿ ಮೂಡ್ಲಿ. ಡರ್ಬನ್ನಿನ ತಮಿಳರ ಪೈಕಿ. ಕೈತುಂಬ ಬಳೆ, ಬಾಯಿತುಂಬ ಮಾತು. ಮಕ್ಕಳಿಗೆ ಬಣ್ಣದ ಕಡ್ಡಿ ಕೊಟ್ಟು, ಮ್ವೆಲೊನ ಮೂಗು ತಾನೇ ಒರೆಸಿ, ಒಂದೇ ಗಳಿಗೆಯಲ್ಲಿ ಮನೆಯ ಅತ್ತಿಗೆಯಂತಾದಳು. ಮಾಜೊಂಡಿ ಸೋಲುವವಳಲ್ಲ. ಶಾಲೆಯ ರಜೆಯ ವಾರವೇ ಸಿಗುತ್ತದಾ, ವರ್ಷವರ್ಷದ ಖರ್ಚು ಏರುತ್ತದಾ, ಮಗುವಿಗೆ ಜ್ವರ ಬಂದರೆ ವಾರ ಬದಲಾಯಿಸಿಕೊಳ್ಳಬಹುದಾ ಎಂದು ಒಂದೊಂದೇ ಕೇಳಿದಳು. “ಪೂಲಿನ ಆಳ ಎಷ್ಟು? ಈ ತುದಿಯಲ್ಲಿ ಎಷ್ಟು, ಆ ತುದಿಯಲ್ಲಿ ಎಷ್ಟು? ಕೆಳಗೆ ಜಾರುತ್ತಾ?” ಭೇಕುಮುಜಿ ಮೇಜಿನ ಗಾಜಿನಲ್ಲಿ ಕಾಣುವ ತನ್ನ ಗಲ್ಲವನ್ನು ನೋಡುತ್ತ ಕೂತಿದ್ದ. ಅಲ್ಲಿ ಕಬ್ಬಿನ ಮಸಿಯ ಗೆರೆಯೊಂದು ಉಳಿದಿತ್ತು. ಮೂರು ಸಲ ತೊಳೆದಿದ್ದ.

“ಅಕ್ಕ ಎಲ್ಲ ಕೇಳಿದ್ರು, ಅಣ್ಣ ಏನೂ ಮಾತಾಡ್ಲಿಲ್ಲ” ಎಂದಳು ಕೋಗಿ. “ಒಂದೇ ಒಂದು ಕೇಳ್ತೀನಿ. ಕಣ್ಣು ಮುಚ್ಕೊಳ್ಳಿ. ಚಿಕ್ಕವರಿದ್ದಾಗ ಅಪ್ಪನ ಜೊತೆ ಹೋದ ಒಂದು ರಜಾ ದಿನ ನೆನಪು ಮಾಡ್ಕೊಳ್ಳಿ. ಎಲ್ಲಿಗೆ ಹೋಗಿದ್ರಿ?”

ಎಲ್ಲರಿಗೂ ಕೇಳುವ ಪ್ರಶ್ನೆಯೆಂದು ಅವನಿಗೆ ಗೊತ್ತಾಯಿತು. ಆದರೂ ಕಣ್ಣು ಮುಚ್ಚಿದ್ದ. “ಇಲ್ಲಿಗೇ” ಎಂದ. ತಾನೇ ಬೆಚ್ಚಿ ಕಣ್ಣು ಬಿಟ್ಟ. ಮಾಜೊಂಡಿ ಅವನತ್ತ ತಿರುಗಿದ್ದಳು. “ಅಂದ್ರೆ… ನಮ್ಮಪ್ಪ ಇಲ್ಲಿ ಕೆಲಸಕ್ಕಿದ್ರು. ಈ ಜಾಗ ಕಟ್ಟೋವಾಗ.”

ಕೋಗಿಯ ಬಳೆಗಳು ಸುಮ್ಮನಾದವು. ಅವಳ ಕಣ್ಣಿನಲ್ಲಿ ಬಂದ ನೀರು ಮಾರಾಟದ ನೀರೋ ನಿಜದ್ದೋ ಅವನಿಗೆ ಇಂದಿಗೂ ತಿಳಿಯದು. ಎರಡೂ ಇರಬಹುದು. “ನಮ್ಮಮ್ಮನೂ ಇಂಥ ಕಡೆಯೇ ಪಾತ್ರೆ ತಿಕ್ಕಿದ್ದು ಅಣ್ಣ, ಹಿಂದಿನ ಬಾಗಿಲಿಂದ ಬಂದು ಹಿಂದಿನ ಬಾಗಿಲಿಂದ ಹೋಗಿ. ನೋಡಿ ಈಗ. ಇನ್ಮೇಲೆ ಈ ಗೇಟಲ್ಲಿ ನಿಮ್ಮನ್ನ ಯಾರೂ ತಡೆಯಂಗಿಲ್ಲ. ಇದು ನಿಮ್ಮ ಮನೆ.”

ನಿಮ್ಮ ಮನೆ. ಆ ಮಾತು ಅವನೊಳಗೆ ಬಿದ್ದು, ಮುಂಜಾನೆಯಿಂದ ಕಟ್ಟಿಕೊಂಡಿದ್ದ ಯಾವುದನ್ನೋ ಸಡಿಲಿಸಿತು. ಹೊರಗೆ ಸತ್ತವನನ್ನಲ್ಲವೇ ಕರೆದು ತರಬೇಕಾದದ್ದು? ಸ್ವಂತ ಮನೆಯಲ್ಲಿ ಸತ್ತವನನ್ನು ತರಲು ಯಾರೂ ಕೊಂಬೆ ಹಿಡಿದು ಹೋಗುವುದಿಲ್ಲ. ಇದು ಮ್ಖೀಜೆಯವರ ಮನೆಯಾಗಿಬಿಟ್ಟರೆ ಅಪ್ಪ ನಿಂತಿರುವ ಜಾಗವೇ ಅವನ ಅಂಗಳವಾಯಿತು. ಯಾರ ಎದುರಿಗೂ ಟವೆಲು ಬಿಚ್ಚಬೇಕಾಗಿಲ್ಲ, ಕೂಗಬೇಕಾಗಿಲ್ಲ. ಎಷ್ಟು ಸರಳ. ಯೋಚನೆ ಎಷ್ಟು ಸೊಗಸಾಗಿತ್ತೆಂದರೆ ಅದರ ಹಿಂದೆ ಅಡಗಿದ್ದ ಹೇಡಿತನ ಅವನಿಗೆ ಕಾಣದೆಯೂ ಇರಲಿಲ್ಲ. ಕಂಡರೂ ಅವನು ಪೆನ್ನು ತೆಗೆದುಕೊಂಡ. ಮೇಜಿನ ಕೆಳಗೆ ಮಾಜೊಂಡಿ ಅವನ ಮೊಣಕಾಲು ಒತ್ತಿ, “ಬೆಟ್ಟದ್ದು ಇನ್ನೊಂದ್ಸಲ ನೋಡೋಣ ಅಂದಿದ್ರಲ್ಲ” ಎಂದು ಪಿಸುಗುಟ್ಟಿದಳು. ಅವನು ಸಹಿ ಹಾಕಿದ. ಕೋಗಿ ಚಪ್ಪಾಳೆ ತಟ್ಟಿ ದೊಡ್ಡದೊಂದು ಐಸ್ ಡಬ್ಬ ಉಡುಗೊರೆ ಕೊಟ್ಟಳು. “ಜುಲೈ ಎರಡನೇ ವಾರ ನಿಮ್ಮದು ಅಣ್ಣ, ಯಾವತ್ತಿಗೂ. ಯಾವ ಕೋಣೆ ಅನ್ನೋದು ಆಯಾ ವರ್ಷ ನೋಡಿ ಹೇಳ್ತೀವಿ.” ಉಳಿದ ವಾರಗಳು ಯಾರದು ಎಂದು ಕೇಳಬೇಕೆನಿಸಿತು. ಯಾರ್ಯಾರದೋ ಇರುತ್ತದೆ, ಅದೂ ಯಾವತ್ತಿಗೂ. ಐಸ್ ಡಬ್ಬ ಎತ್ತಿಕೊಂಡ.

ಮಧ್ಯಾಹ್ನ ಮಾಜೊಂಡಿ ಉದ್ದ ಕುರ್ಚಿಯಲ್ಲಿ ಒರಗಿದ್ದಳು. ಸಿಟ್ಟನ್ನು ಹೇಗೋ ಪಕ್ಕಕ್ಕಿಟ್ಟಿದ್ದಳು. ಕೊಂಡದ್ದಾಯಿತು, ಇನ್ನು ಅನುಭವಿಸಬೇಕು ಎನ್ನುವ ಹಾಗೆ. ಅವಳ ಎರಡು ಕೈಗಳೂ ಖಾಲಿಯಾಗಿ ಹೊಟ್ಟೆಯ ಮೇಲಿದ್ದವು. ಮದುವೆಯಾದಾಗಿನಿಂದ ಆ ಕೈಗಳನ್ನು ಹಾಗೆ ಅವನು ನೋಡಿರಲಿಲ್ಲ. ಕಡಿಮೆ ನೀರಿನ ತುದಿಯಲ್ಲಿ ಅನೆಲೆ ತಮ್ಮನನ್ನು ಬೆನ್ನಿಗೇರಿಸಿಕೊಂಡು ಆಮೆಯಾಗಿದ್ದಳು. “ನಿಮ್ಮಪ್ಪ ಇಲ್ಲಿದ್ದದ್ದು ಯಾವತ್ತೂ ಹೇಳೇ ಇಲ್ವಲ್ಲ” ಎಂದಳು ಮಾಜೊಂಡಿ, ಕಣ್ಣು ಮುಚ್ಚಿಕೊಂಡೇ. “ಏನ್ ಕೆಲಸ ಮಾಡ್ತಿದ್ರು?”

“ಅಗೀತಿದ್ರು.”

“ಏನನ್ನ? ತೋಟಾನಾ?”

ಅವನು ಗದ್ದದಿಂದ ನೀರಿನ ಕಡೆ ತೋರಿಸಿದ. ಅವಳಿಗೆ ಕಾಣಲಿಲ್ಲ, ಕಣ್ಣು ಮುಚ್ಚಿತ್ತು. ಹೇಳಲೇಬೇಕಾಯಿತು. “ಇದನ್ನೇ. ಬದಿ ಕುಸೀತು, ಮಾಜೊಂಡಿ. ಮೇಲೆ ಬರೋಕಾಗ್ಲಿಲ್ಲ.”

ಅವಳು ಎದ್ದು ಕೂತಳು. ಅವನ ಮುಖವನ್ನು ನೋಡಿದಳು, ನೀರನ್ನು ನೋಡಿದಳು, ನೀರಿನಲ್ಲಿ ಆಮೆಯಾಗಿದ್ದ ತನ್ನ ಮಕ್ಕಳನ್ನು ನೋಡಿದಳು. ಕಿರುಚಲಿಲ್ಲ. ಬಟ್ಟೆಯ ಸಮೇತ ನೀರಿಗಿಳಿದು ಇಬ್ಬರನ್ನೂ ಎತ್ತಿಕೊಂಡು ಬಂದು, ಮ್ವೆಲೊ ಒದ್ದಾಡಿ ಅಳುತ್ತಿದ್ದರೂ ಬಿಡದೆ, ಮೈಯಿಂದ ಏನನ್ನೋ ಉಜ್ಜಿ ತೆಗೆಯುವವಳಂತೆ ಒರೆಸಿದಳು. ಒರೆಸುತ್ತಲೇ, ಅವನತ್ತ ನೋಡದೆ, ಹಿಂದೆಂದೂ ಕರೆಯದ ಹಾಗೆ ಏಕವಚನದಲ್ಲಿ ಕರೆದು ಹೇಳಿದಳು: “ಆಳ ಎಷ್ಟು ಅಂತ ಎಷ್ಟು ಸಲ ಕೇಳ್ದೆ ನಾನು. ಅವಳನ್ನ ಕೇಳ್ದೆ. ನೀನು ಪಕ್ಕದಲ್ಲೇ ಕೂತಿದ್ದೆ.” ಸುತ್ತಲಿನ ಕುರ್ಚಿಗಳಿಂದ ಜನ ನೋಡುತ್ತಿದ್ದರು. ಮುಂಜಾನೆ ಅವನು ಹೆದರಿದ್ದದ್ದು ಈ ನೋಟಕ್ಕೇ.

ಮರುದಿನ ಊರ ದಾರಿಯಲ್ಲಿ ಅವಳು ಮಕ್ಕಳ ಜೊತೆ ಹಿಂದೆ ಕೂತಳು. ಮುಂದಿನ ಸೀಟು ಖಾಲಿಯಾಯಿತು. ಅಮ್ಮ ಬಿಡಲು ಹೇಳಿದ್ದ ಸೀಟು ತಾನಾಗಿಯೇ ಬಿಟ್ಟಿತ್ತು. ಆದರೆ ಐಸ್ ಡಬ್ಬ ಬೇರೆಲ್ಲೂ ಹಿಡಿಸದೆ ಅದನ್ನು ಅಲ್ಲಿಟ್ಟು ಬೆಲ್ಟು ಹಾಕಿದ್ದರು. ಡರ್ಬನ್ ದಾಟಿತು. ಸಮುದ್ರ ಬಲಗಡೆ ಬಂದು ಬಂದು ಹೋಯಿತು. ಮ್ವೋತಿ ಹೊಳೆಯ ಸೇತುವೆ ಹತ್ತಿದಾಗ, ಹೊಳೆ ದಾಟ್ತಾ ಇದೀವಿ ಬಾಬಾ, ಎನ್ನುವ ಮಾತು ತುಟಿಯವರೆಗೆ ಬಂತು. ಯಾರಿಗೆ ಹೇಳುವುದು? ಡಬ್ಬದ ಬಿಳಿ ಮುಚ್ಚಳದ ಮೇಲೆ ಬಿಸಿಲು ಹೊಳೆಯುತ್ತಿತ್ತು. ಸೇತುವೆ ಮುಗಿಯಿತು. “ಹೊಳೆ!” ಎಂದಳು ಹಿಂದಿನಿಂದ ಅನೆಲೆ, ಸುಮ್ಮನೆ, ಮಕ್ಕಳು ಹೇಳುವಂತೆ.

ಅಂಗಳ ಗುಡಿಸಿತ್ತು. ಹೊರಗೆ ಕಟ್ಟೆಯ ಬಳಿ, ಮನೆಗೆ ಬರುವ ಅಪ್ಪನಿಗೆ ಬಲಿ ಕೊಡಲೆಂದು, ಕಂದುಬಣ್ಣದ ಆಡೊಂದನ್ನು ಕಟ್ಟಿದ್ದರು. ಕಬ್ಬು ಕಡಿಯುವವರಿಗೆಂದು ಸೊಸೆಗೆ ಸುಳ್ಳು ಹೇಳಿ ಅಮ್ಮ ಹುದುಗಿಟ್ಟಿದ್ದ ಜೋಳದ ಬೀರು ಹುಳಿಬಂದ ವಾಸನೆ ಹೊಸ್ತಿಲವರೆಗೂ ಇತ್ತು. ಮಾಶೇಜಿ ತನ್ನ ಒಳ್ಳೆಯ ಕಪ್ಪು ಶಾಲು ಹೊದ್ದು ಬಾಗಿಲ ಪಕ್ಕ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮೊಮ್ಮಕ್ಕಳು ಓಡಿ ಬಂದಾಗಲೂ ಬೆರಳನ್ನು ತುಟಿಯ ಮೇಲಿಟ್ಟು ಅವರನ್ನು ಸುಮ್ಮನಾಗಿಸಿ ಮಗನನ್ನೇ ನೋಡಿದಳು. ಸತ್ತವನನ್ನು ಕರೆತಂದವನ ಮೌನ ತನ್ನಿಂದ ಒಡೆಯಬಾರದಲ್ಲ. ಅವನು ಕಾರಿನಿಂದ ಇಳಿದ. ಅಮ್ಮ ಇಷ್ಟು ಚಳಿಯಲ್ಲಿ ಹೊರಗೆ ಕೂತದ್ದು ಕಂಡು, ದಿನವೂ ಹೇಳುವಂತೆಯೇ ಹೇಳಿಬಿಟ್ಟ: “ಹುಷಾರಾಗಿದ್ದೀಯಾ ಮಾ? ಹೊರಗ್ಯಾಕೆ ಕೂತೆ?”

ಮಾತು ಅಂಗಳದ ನಡುವೆ ಬಿತ್ತು. ಅಮ್ಮನ ಬೆನ್ನು ಮೆಲ್ಲಗೆ ಬಾಗಿತು. ಅವಳಿಗೆ ಬೇರೇನೂ ಕೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಡಿಕ್ಕಿ ತೆಗೆದ ಮಾಜೊಂಡಿ “ಹಾ” ಎಂದು ಕೈ ಹಿಂದಕ್ಕೆಳೆದುಕೊಂಡಳು. ಬೆರಳ ತುದಿಯಲ್ಲಿ ರಕ್ತದ ಹನಿ. ಟವೆಲನ್ನು ಬಿಚ್ಚಿ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ಚರ್ಚಿನ ಪ್ರಕಾರ ಅದನ್ನು ದೂರ ಎಸೆಯಬೇಕಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಅತ್ತೆಯ ಮುಂದೆ ಮಂಡಿಯೂರಿ, “ನಿಮ್ದು, ಮಾ” ಎಂದು ಕೊಟ್ಟಳು. “ನಂಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಮಕ್ಕಳನ್ನ ಹಿಡ್ಕೊಂಡು ದೂರ ನಿಂತಿರ್ತಿದ್ದೆ.”

ಕೊಂಬೆಯಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ.

“ಮಾ, ಕೇಳು” ಎಂದ ಭೇಕುಮುಜಿ. ದಾರಿಯುದ್ದಕ್ಕೂ ಸರಿಪಡಿಸಿಟ್ಟುಕೊಂಡಿದ್ದ ಮಾತು ಈಗ ಅಂಗಡಿಯವನ ಮಾತಿನಂತೆ ಕೇಳಿಸಿತು. “ಇನ್ನು ಹೆದರೋದು ಬೇಡ. ಆ ಜಾಗದಲ್ಲಿ ನಮಗೊಂದು ಪಾಲು ಸಿಕ್ಕಿದೆ. ನಾನು ಸಹಿ ಹಾಕಿದೀನಿ. ಅದು ನಮ್ಮದೇ ಈಗ, ನನ್ನ ಕಾಲ ಆದ್ಮೇಲೆ ಮ್ವೆಲೊದು. ಅಂದ್ರೆ ಬಾಬಾ ಇರೋದು ಸ್ವಂತ ಮನೇಲಿ. ಪರದೇಶಿ ಅಲ್ಲ ಅವರು.”

ಮಾಶೇಜಿ ಬೋಳು ಕೊಂಬೆಯ ಮುಳ್ಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. “ನಮ್ಮದೇನಾ? ವರ್ಷಪೂರ್ತಿ?”

“ವರ್ಷಕ್ಕೊಂದು ವಾರ, ಮಾ. ಜುಲೈನಲ್ಲಿ.”

ಅವಳು ಸಿಟ್ಟಾಗಲಿಲ್ಲ. ಲೆಕ್ಕ ಅರ್ಥವಾಗದ ಮುದುಕಿ ಮಗನನ್ನು ಕೇಳುವಂತೆ, ನಿಜಕ್ಕೂ ತಿಳಿದುಕೊಳ್ಳಬೇಕೆನ್ನುವಂತೆ, ಉಸಿರನ್ನು ಕೂಡಿಸಿಕೊಂಡು ಕೇಳಿದಳು: “ಮಿಕ್ಕ ವಾರ ಅವನು ಎಲ್ಲಿ ನಿಂತ್ಕೋಬೇಕು, ಮಗಾ?”

ಇಳಿಜಾರಿನಲ್ಲಿ ಮತ್ತೊಂದು ಹೊಲಕ್ಕೆ ಬೆಂಕಿಯಿಟ್ಟಿದ್ದರು. ಮಸಿಯ ಗರಿಗಳು ಬರತೊಡಗಿದವು. ಮಾಶೇಜಿ ಸೊಸೆಯ ಹೆಗಲು ಹಿಡಿದು ಎದ್ದಳು. ಕಟ್ಟೆಯ ಬಳಿ ಹೋಗಿ ಆಡಿನ ಹಗ್ಗ ಬಿಚ್ಚಿ ಅದನ್ನು ಮೇಯಲು ಬಿಟ್ಟಳು.